ಆರೇ ದಿನಕ್ಕೆ ಬಿಟ್ಟ ಮಾತ್ರೆ, ಹೊಟ್ಟೆಯಲ್ಲೇ ಉಳಿಯಿತೇ ಎಚ್. ಪೈಲೋರಿ?

ಓದುಗರ ಪ್ರಶ್ನೆ: ನಮಸ್ಕಾರ ಡಾಕ್ಟರೇ. ನನಗೆ 38 ವರ್ಷ, ಹೈಸ್ಕೂಲ್ ಟೀಚರ್. ಎರಡು ವರ್ಷದಿಂದ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಹಸಿದಾಗ ಕಿವುಚಿದ ಹಾಗೆ ನೋವು, ರಾತ್ರಿ ಮಲಗಿದರೆ ಹುಳಿ ತೇಗು. ಮೆಡಿಕಲ್ ಶಾಪಿನಿಂದ ಆಸಿಡ್ ಕಡಿಮೆ ಮಾಡುವ ಪ್ಯಾಂಟಾಪ್ರಜೋಲ್ ಮಾತ್ರೆ ತಂದು ನುಂಗುತ್ತಿದ್ದೆ. ನಾಲ್ಕು ತಿಂಗಳ ಹಿಂದೆ ಎಂಡೋಸ್ಕೋಪಿ ಮಾಡಿದರು. ಹುಣ್ಣು ಇಲ್ಲ, ಗ್ಯಾಸ್ಟ್ರೈಟಿಸ್ ಮತ್ತು ಸಣ್ಣ ಸವೆತ ಇದೆ, ಎಚ್. ಪೈಲೋರಿ ಪಾಸಿಟಿವ್ ಅಂದರು. 14 ದಿನದ ಕಿಟ್ ಕೊಟ್ಟರು. ಅದರಲ್ಲಿ ಕ್ಲಾರಿಥ್ರೋಮೈಸಿನ್, ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಇತ್ತು. ಬಾಯೆಲ್ಲ ಕಹಿ, ವಾಕರಿಕೆ, ಭೇದಿ. ಉರಿಯೂ ಕಡಿಮೆಯಾಗಿತ್ತು, ಆರನೇ ದಿನಕ್ಕೆ ಬಿಟ್ಟುಬಿಟ್ಟೆ. ಈಗ ಉರಿ ಮತ್ತೆ ಶುರುವಾಗಿದೆ. ನಾನೇ ಲ್ಯಾಬಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ, ಮತ್ತೆ ಪಾಸಿಟಿವ್. ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಮೊಬೈಲಿನಲ್ಲಿ ಓದಿದ ಮೇಲೆ ನಿದ್ದೆ ಹತ್ತುತ್ತಿಲ್ಲ. ನಮ್ಮ ದೊಡ್ಡಪ್ಪ ಹೊಟ್ಟೆ ಕ್ಯಾನ್ಸರ್‌ನಿಂದಲೇ ತೀರಿಕೊಂಡರು. ಅತ್ತೆ ಇದೆಲ್ಲ ಖಾರ ತಿಂದು ಆಗಿದ್ದು ಅನ್ನುತ್ತಾರೆ. ಮಗಳಿಗೆ 7 ವರ್ಷ. ನನ್ನ ತಟ್ಟೆಯಲ್ಲೇ ಉಣ್ಣುತ್ತಾಳೆ. ಅವಳಿಗೂ ಯಜಮಾನರಿಗೂ ಪರೀಕ್ಷೆ ಮಾಡಿಸಬೇಕಾ? ನಾನು ಈಗ ಏನು ಮಾಡಲಿ? ಬೇರೆ ಕಾಯಿಲೆ ಇಲ್ಲ. ತಲೆನೋವಿಗೆ ಮಾತ್ರ ಆಗಾಗ ಮಾತ್ರೆ ತಗೊಳ್ಳುತ್ತೇನೆ.

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ಐದಾರು ಇದ್ದರೂ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ: ಮಾತ್ರೆ ಅರ್ಧಕ್ಕೆ ಬಿಟ್ಟು ನಾನೇ ಕ್ಯಾನ್ಸರ್ ತಂದುಕೊಂಡೆನಾ ಅನ್ನುವುದು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲ. ನಾಲ್ಕು ತಿಂಗಳಲ್ಲಿ ಅಂಥದ್ದೇನೂ ಆಗುವುದಿಲ್ಲ. ಎಚ್. ಪೈಲೋರಿ ಎಂಬ ಈ ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್ ಆಗುವುದಾದರೂ ಅದಕ್ಕೆ ಹತ್ತಾರು ವರ್ಷ ಬೇಕು. ನಿಮ್ಮ ಜಠರವನ್ನು ಕ್ಯಾಮೆರಾ ಹಾಕಿ ನೋಡಿದ್ದಾರೆ. ಹುಣ್ಣು ಇಲ್ಲ, ಗಂಟು ಗಡ್ಡೆಯ ಮಾತೂ ವರದಿಯಲ್ಲಿಲ್ಲ. ಇವತ್ತು ರಾತ್ರಿ ಧೈರ್ಯವಾಗಿ ಮಲಗಿ.

ಮಾತ್ರೆ ಬಿಟ್ಟಿದ್ದರಿಂದ ಬೇರೆ ಒಂದು ತೊಂದರೆ ಆಗಿರಬಹುದು. ಅದನ್ನು ಸರಿಪಡಿಸಲು ದಾರಿ ಇದೆ. ಆ ದಾರಿ ಸ್ವಲ್ಪ ಶಿಸ್ತು ಕೇಳುತ್ತದೆ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಇದು ಎಂಥ ಜೀವಿ?

ಜಠರ ಅಂದರೆ ಆಸಿಡ್ ತುಂಬಿದ ಚೀಲ. ಅದರಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಲಾರದು ಅಂತಲೇ ವೈದ್ಯರು ಬಹಳ ಕಾಲ ನಂಬಿದ್ದರು. ಹುಣ್ಣಿಗೆ ಟೆನ್ಶನ್, ಖಾರ ಮತ್ತು ಆಸಿಡ್ ಕಾರಣ ಅಂತ ಪಾಠ ಮಾಡುತ್ತಿದ್ದರು. 1979ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಪೆಥಾಲಜಿಸ್ಟ್ ರಾಬಿನ್ ವಾರನ್ ಅವರಿಗೆ ಜಠರದ ಬಯಾಪ್ಸಿ ತುಣುಕುಗಳಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡವು. ಉರಿಯೂತ ಇದ್ದ ಕಡೆಯಲ್ಲೇ ಅವೂ ಇದ್ದವು. 1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವರ ಜೊತೆ ಸೇರಿದರು. ಲ್ಯಾಬಿನಲ್ಲಿ ಇದನ್ನು ಬೆಳೆಸಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ, ಯಾಕೆಂದರೆ ಎರಡು ದಿನದಲ್ಲಿ ಏನೂ ಬೆಳೆಯದಿದ್ದರೆ ತಟ್ಟೆಗಳನ್ನು ಎಸೆದುಬಿಡುವುದು ವಾಡಿಕೆ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಹಾಗೆಯೇ ಉಳಿದುಹೋದವು. ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾ ಬೆಳೆದಿತ್ತು. ಅದಕ್ಕೆ ಬೇಕಾಗಿದ್ದುದು ಇನ್ನೂ ಕೆಲವು ದಿನದ ಸಮಯ, ಅಷ್ಟೇ.

ಆದರೂ ಯಾರೂ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ತಾವೇ ಕುಡಿದರು. ವಾರ ಕಳೆಯುವಷ್ಟರಲ್ಲಿ ವಾಕರಿಕೆ, ವಾಂತಿ, ಬಾಯಿ ವಾಸನೆ ಶುರುವಾಯಿತು. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ ಕಾಣಿಸಿತು. ಅವರಿಗೆ ಹುಣ್ಣಾಯಿತು ಅಂತ ಬಹಳ ಕಡೆ ಬರೆಯುತ್ತಾರೆ, ಅದು ತಪ್ಪು. ಆಗಿದ್ದು ಗ್ಯಾಸ್ಟ್ರೈಟಿಸ್, ಅಂದರೆ ನಿಮಗೆ ಆಗಿರುವುದೇ. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಈ ಜೀವಿ ಆಸಿಡ್‌ನಲ್ಲಿ ಬದುಕುವ ರೀತಿ ಗೊತ್ತಾದರೆ ಚಿಕಿತ್ಸೆ ಯಾಕೆ ಕಷ್ಟ ಅನ್ನುವುದೂ ಅರ್ಥವಾಗುತ್ತದೆ. ಇದರ ಬಳಿ ಯೂರಿಯೇಸ್ ಎಂಬ ಎಂಜೈಮ್ ಇದೆ. ಜಠರದಲ್ಲಿ ಸಹಜವಾಗಿ ಇರುವ ಯೂರಿಯಾವನ್ನು ಅದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಆಸಿಡ್ ಅನ್ನು ಕೊಲ್ಲುತ್ತದೆ. ಹೀಗೆ ತನ್ನ ಸುತ್ತ ಒಂದು ರಕ್ಷಣೆಯ ಪೊರೆ ಮಾಡಿಕೊಂಡು, ಬಾಲದಂಥ ಎಳೆಗಳನ್ನು ಆಡಿಸುತ್ತಾ, ಜಠರದ ಗೋಡೆಯ ಮೇಲಿನ ಲೋಳೆಯೊಳಕ್ಕೆ ತಿರುಪಿನ ಹಾಗೆ ಕೊರೆದು ಸೇರಿಕೊಳ್ಳುತ್ತದೆ. ಅಲ್ಲಿಗೆ ಆಸಿಡ್ ಸರಿಯಾಗಿ ತಲುಪದು, ಆಂಟಿಬಯಾಟಿಕ್ ಕೂಡ ಸುಲಭಕ್ಕೆ ತಲುಪದು. ನಮ್ಮ ಮೈಯ ರಕ್ಷಣಾ ಪಡೆ ಅದನ್ನು ಓಡಿಸಲು ಹೋಗಿ ಸೋಲುತ್ತದೆ. ಆ ಜಗಳ ವರ್ಷಗಟ್ಟಲೆ ನಡೆದು ಗೋಡೆ ಕೆಂಪಗೆ ಊದಿಕೊಳ್ಳುತ್ತದೆ. ಗ್ಯಾಸ್ಟ್ರೈಟಿಸ್ ಅಂದರೆ ಅದೇ.

ಖಾರದ ಮಾತು

ನಿಮ್ಮ ಅತ್ತೆಯವರ ಮಾತು ನನಗೆ ಹೊಸದಲ್ಲ. ನನ್ನ ಹತ್ತಿರ ಬರುವ ಅರ್ಧ ಜನ ಕೂತ ತಕ್ಷಣ, "ಸಾರ್, ಖಾರ ಪೂರ್ತಿ ಬಿಟ್ಟಿದ್ದೀನಿ, ಆದ್ರೂ ಕಡಿಮೆ ಆಗಿಲ್ಲ" ಅನ್ನುತ್ತಾರೆ. ಮೆಣಸಿನಕಾಯಿಯಿಂದ ಹುಣ್ಣು ಆಗುವುದಿಲ್ಲ. ಮೊದಲೇ ಊದಿಕೊಂಡ ಜಠರಕ್ಕೆ ಖಾರ ಬಿದ್ದರೆ ಉರಿ ಜಾಸ್ತಿ ಅನ್ನಿಸಬಹುದು. ಗಾಯದ ಮೇಲೆ ನಿಂಬೆರಸ ಬಿದ್ದರೆ ಉರಿಯುತ್ತದೆ, ಆದರೆ ಗಾಯ ಮಾಡಿದ್ದು ನಿಂಬೆರಸ ಅಲ್ವಲ್ಲ. ನಿಮಗೆ ಯಾವುದು ಆಗುವುದಿಲ್ಲವೋ ಅದನ್ನು ಕೆಲವು ದಿನ ಕಡಿಮೆ ಮಾಡಿ, ಅಷ್ಟು ಸಾಕು. ಸುಮ್ನೆ ಮೊಸರನ್ನ ಮಾತ್ರ ತಿಂದು ಸೊರಗಬೇಡಿ.

ತಣ್ಣನೆ ಹಾಲಿನದೂ ಹೀಗೆಯೇ. ಕುಡಿದ ಕೂಡಲೇ ಹಿತ ಅನ್ನಿಸುತ್ತದೆ. ಆಮೇಲೆ ಹಾಲಿನಲ್ಲಿರುವ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಠರಕ್ಕೆ ಇನ್ನಷ್ಟು ಆಸಿಡ್ ಸುರಿಸಲು ಹೇಳುತ್ತವೆ. ಜೇನು, ಬೆಳ್ಳುಳ್ಳಿ, ಎಲೆಕೋಸಿನ ರಸ ಕುಡಿದರೆ ಎಚ್. ಪೈಲೋರಿ ಸತ್ತುಹೋಗುತ್ತದೆ ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಅವುಗಳನ್ನು ನಂಬಿ ವರ್ಷ ಕಳೆದು, ಹುಣ್ಣಿನಿಂದ ರಕ್ತ ಸುರಿದು ಬಂದವರನ್ನು ನಾನು ನೋಡಿದ್ದೇನೆ. ತಿಂದರೆ ತೊಂದರೆ ಇಲ್ಲ, ಆದರೆ ಅದು ಚಿಕಿತ್ಸೆ ಅಲ್ಲ.

ಊಟಕ್ಕೂ ಹುಣ್ಣಿಗೂ ಸಂಬಂಧವೇ ಇಲ್ಲ ಅಂತಲೂ ನಾನು ಹೇಳಲಾರೆ. ಮೈಸೂರಿನವರು ಮಿಷನ್ ಆಸ್ಪತ್ರೆ ಅನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1951ರಿಂದ 1967ರವರೆಗೆ ಫ್ರ್ಯಾಂಕ್ ಟೋವಿ ಎಂಬ ಬ್ರಿಟಿಷ್ ಸರ್ಜನ್ ಇದ್ದರು. ಡ್ಯುವೋಡಿನಂ, ಅಂದರೆ ಸಣ್ಣ ಕರುಳಿನ ಮೊದಲ ತುಂಡಿನಲ್ಲಿ ಹುಣ್ಣಾದ ರೋಗಿಗಳು ಅವರಿಗೆ ಲೆಕ್ಕವಿಲ್ಲದಷ್ಟು ಸಿಗುತ್ತಿದ್ದರು. ಅನ್ನ ಉಣ್ಣುವ ದಕ್ಷಿಣದಲ್ಲಿ ಈ ಹುಣ್ಣು ಇಷ್ಟೊಂದು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ, ಇದು ಯಾಕೆ ಅಂತ ಅವರು ಮುಂದೆ ಹಲವು ವರ್ಷ ಹುಡುಕಿದರು. ಎಚ್. ಪೈಲೋರಿ ಪತ್ತೆಯಾದ ಮೇಲೆ ಆ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಬ್ಯಾಕ್ಟೀರಿಯಾ ಉತ್ತರದಲ್ಲೂ ಇದೆ, ದಕ್ಷಿಣದಲ್ಲೂ ಇದೆ. ಹಾಗಾದರೆ ಹುಣ್ಣು ಮಾತ್ರ ಒಂದು ಕಡೆ ಜಾಸ್ತಿ ಯಾಕೆ? ಅವರ ತಂಡ ನಮ್ಮ ಹುರುಳಿಕಾಳನ್ನೂ ಇಲಿಗಳ ಮೇಲೆ ಪರೀಕ್ಷಿಸಿ, ಅದರ ಕೊಬ್ಬಿನ ಅಂಶಕ್ಕೆ ಹುಣ್ಣು ತಡೆಯುವ ಗುಣ ಇದೆ ಅಂತ ಕಂಡಿತು. ಇಲಿಗೆ ಆಗಿದ್ದು ಮನುಷ್ಯರಿಗೂ ಆಗುತ್ತದೆ ಅಂತ ಹೇಳಲು ಬರುವುದಿಲ್ಲ. ಹುರುಳಿ ಬಸ್ಸಾರು ಮಾಡಿಕೊಂಡು ಚೆನ್ನಾಗಿ ಉಣ್ಣಿ, ಔಷಧಿ ಅಂತ ಉಣ್ಣಬೇಡಿ. ನಾನು ಇಷ್ಟೆಲ್ಲ ಹೇಳಿದ್ದು ಒಂದು ವಿಷಯಕ್ಕೆ. ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇದ್ದವರಿಗೆಲ್ಲ ಕಾಯಿಲೆ ಆಗುವುದಿಲ್ಲ. ಪ್ರಪಂಚದ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಇದು ಇದೆ. ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಅದು ಗೊತ್ತಾಗುವುದೂ ಇಲ್ಲ. ನೂರು ಜನರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಮಾತ್ರ ಯಾವಾಗಲಾದರೂ ಹುಣ್ಣಾಗುತ್ತದೆ.

ಕ್ಯಾನ್ಸರ್ ಭಯ ಎಷ್ಟು ನಿಜ?

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಚ್. ಪೈಲೋರಿಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿತು. ನೀವು ಮೊಬೈಲಿನಲ್ಲಿ ಓದಿದ್ದು ಇದನ್ನೇ ಇರಬೇಕು. ಅದು ನಿಜ. ಆದರೆ ಮೊದಲನೇ ಗುಂಪು ಅಂದರೆ ಸಾಕ್ಷಿ ಗಟ್ಟಿಯಾಗಿದೆ ಅಂತ ಅರ್ಥ. ಅಪಾಯ ಎಷ್ಟು ದೊಡ್ಡದು ಅನ್ನುವುದನ್ನು ಅದು ಹೇಳುವುದಿಲ್ಲ. ಈ ಸೋಂಕು ಇರುವ ನೂರು ಜನರಲ್ಲಿ ಇಡೀ ಜೀವಮಾನದಲ್ಲಿ ಒಬ್ಬರಿಂದ ಮೂವರಿಗೆ ಜಠರದ ಕ್ಯಾನ್ಸರ್ ಆಗಬಹುದು. ನಮ್ಮ ದೇಶದ ಹೆಚ್ಚಿನ ಕಡೆ ಅಷ್ಟೂ ಇಲ್ಲ. ಸೋಂಕು ಇಷ್ಟು ವ್ಯಾಪಕವಾಗಿದ್ದರೂ ಜಠರದ ಕ್ಯಾನ್ಸರ್ ಭಾರತದಲ್ಲಿ ಯಾಕೆ ಕಡಿಮೆ ಅನ್ನುವುದು ವಿಜ್ಞಾನಿಗಳಿಗೇ ಒಗಟಾಗಿದೆ. ಇದಕ್ಕೆ ಹೊರತಾಗಿರುವುದು ಮಿಜೋರಾಂ. ಅಲ್ಲಿ ಹೊಗೆಯಲ್ಲಿ ಒಣಗಿಸಿದ ಮಾಂಸ ತಿನ್ನುತ್ತಾರೆ, ತಂಬಾಕಿನ ಹೊಗೆ ಹಾಯಿಸಿದ ನೀರನ್ನು ತುಯಿಬೂರ್ ಅಂತ ಬಾಯಲ್ಲಿ ಹಿಡಿದುಕೊಳ್ಳುವ ಅಭ್ಯಾಸವೂ ಇದೆ. ಅಲ್ಲಿ ಈ ಕ್ಯಾನ್ಸರ್ ದೇಶದಲ್ಲೇ ಜಾಸ್ತಿ. ಬ್ಯಾಕ್ಟೀರಿಯಾ ಒಂದೇ ಎಲ್ಲವನ್ನೂ ಮಾಡುವುದಿಲ್ಲ. ಅದರ ಜೊತೆಗೆ ತಂಬಾಕು, ಹೊಗೆ, ಜಾಸ್ತಿ ಉಪ್ಪು, ಹುಟ್ಟುಗುಣ ಎಲ್ಲ ಸೇರಬೇಕು.

ಅದು ನಡೆಯುವ ರೀತಿಯೂ ನಿಧಾನ. ಮೊದಲು ಉರಿಯೂತ. ಹತ್ತಾರು ವರ್ಷವಾದ ಮೇಲೆ ಕೆಲವರಲ್ಲಿ ಜಠರದ ಒಳಪದರ ತೆಳ್ಳಗಾಗಿ ಆಸಿಡ್ ಕಡಿಮೆಯಾಗುತ್ತದೆ. ಆಮೇಲೆ ಆ ಪದರ ಕರುಳಿನ ಪದರದ ಹಾಗೆ ಬದಲಾಗುತ್ತದೆ. ಅವರಲ್ಲೂ ಕೆಲವರಿಗೆ ಮಾತ್ರ ಮುಂದೆ ಕ್ಯಾನ್ಸರ್. ಇದರಲ್ಲಿ ಒಂದು ವಿಚಿತ್ರ ಇದೆ. ಬ್ಯಾಕ್ಟೀರಿಯಾ ಜಠರದ ಕೆಳತುದಿಯಲ್ಲೇ ನೆಲೆಸಿದರೆ ಆಸಿಡ್ ಜಾಸ್ತಿಯಾಗಿ ಡ್ಯುವೋಡಿನಂ ಹುಣ್ಣಾಗುತ್ತದೆ. ಅಂಥವರಿಗೆ ಕ್ಯಾನ್ಸರ್ ಅಪಾಯ ಕಡಿಮೆ. ಇಡೀ ಜಠರಕ್ಕೆ ಹರಡಿದರೆ ಆಸಿಡ್ ಕಡಿಮೆಯಾಗುತ್ತದೆ, ಅಪಾಯ ಹೆಚ್ಚು. ಅಂದರೆ ಹೊಟ್ಟೆ ಎಷ್ಟು ಉರಿಯುತ್ತದೆ ಅನ್ನುವುದಕ್ಕೂ ಕ್ಯಾನ್ಸರ್‌ಗೂ ನೇರ ಸಂಬಂಧವಿಲ್ಲ. ಉರಿ ಜಾಸ್ತಿ ಆದ ದಿನ ನೀವು ಜಾಸ್ತಿ ಹೆದರಬೇಕಾಗಿಲ್ಲ.

ನಿಮ್ಮ ದೊಡ್ಡಪ್ಪನವರ ವಿಷಯ. ತಂದೆ, ತಾಯಿ, ಒಡಹುಟ್ಟಿದವರು ಅಥವಾ ಮಕ್ಕಳಿಗೆ ಜಠರದ ಕ್ಯಾನ್ಸರ್ ಆಗಿದ್ದರೆ ನಾವು ಅದನ್ನು ದೊಡ್ಡ ಅಪಾಯ ಅಂತ ಪರಿಗಣಿಸುತ್ತೇವೆ. ದೊಡ್ಡಪ್ಪ ಆ ಪಟ್ಟಿಗೆ ಬರುವುದಿಲ್ಲ. ಹಾಗಂತ ನಿಮ್ಮ ಸೋಂಕನ್ನು ಹಾಗೇ ಬಿಟ್ಟುಬಿಡಿ ಅಂತಲೂ ಹೇಳುವುದಿಲ್ಲ. ಅದನ್ನು ಪೂರ್ತಿ ತೆಗೆದರೆ ಕ್ಯಾನ್ಸರ್ ಅಪಾಯ ನಿಜಕ್ಕೂ ಇಳಿಯುತ್ತದೆ. ತೈವಾನಿನ ಮಾಟ್ಸು ದ್ವೀಪಗಳಲ್ಲಿ 2004ರಿಂದ ಊರಿಗೆ ಊರೇ ಪರೀಕ್ಷೆ ಮಾಡಿ ಚಿಕಿತ್ಸೆ ಕೊಟ್ಟರು. ಅಲ್ಲಿ ಜಠರದ ಕ್ಯಾನ್ಸರ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ನಿಮ್ಮ ವಯಸ್ಸಿನಲ್ಲಿ, ಪದರ ಕೆಡುವ ಮೊದಲೇ ತೆಗೆದರೆ ಸಿಗುವ ಲಾಭ ಇನ್ನೂ ಹೆಚ್ಚು.

ಆರು ದಿನದಲ್ಲಿ ಏನಾಯಿತು?

ಈಗ ಮುಖ್ಯ ವಿಷಯಕ್ಕೆ ಬರೋಣ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಾಗ ಮೊದಲು ಸಾಯುವುದು ಕೈಲಾಗದ ಬ್ಯಾಕ್ಟೀರಿಯಾ. ಗಟ್ಟಿಯಾದವು ಉಳಿಯುತ್ತವೆ. ಕ್ಲಾರಿಥ್ರೋಮೈಸಿನ್ ಅನ್ನು ಸ್ವಲ್ಪ ದಿನ ಕಂಡು ಬದುಕಿದವುಗಳ ಸಂತತಿಗೆ ಮುಂದೆ ಆ ಮಾತ್ರೆ ನಾಟದೆ ಹೋಗಬಹುದು. ನಮ್ಮ ದೇಶದಲ್ಲಿ ಈ ಸಮಸ್ಯೆ ಮೊದಲೇ ಇತ್ತು. ಕೆಮ್ಮು, ಗಂಟಲು ನೋವಿಗೆಲ್ಲ ಇದೇ ಜಾತಿಯ ಆಂಟಿಬಯಾಟಿಕ್, ಭೇದಿಗೆಲ್ಲ ಮೆಟ್ರೊನಿಡಜೋಲ್ ನುಂಗಿ ನುಂಗಿ, ಎಷ್ಟೋ ಜನರ ಹೊಟ್ಟೆಯ ಬ್ಯಾಕ್ಟೀರಿಯಾಕ್ಕೆ ಅವು ಅಭ್ಯಾಸವಾಗಿಬಿಟ್ಟಿವೆ. ನೀವು ಪೂರ್ತಿ 14 ದಿನ ತೆಗೆದುಕೊಂಡಿದ್ದರೂ ಆ ಕಿಟ್ ಸೋಲುವ ಸಾಧ್ಯತೆ ಇತ್ತು. ಆದ್ದರಿಂದ ತಪ್ಪೆಲ್ಲ ನನ್ನದೇ ಅಂತ ಕೊರಗಬೇಡಿ.

ಮಾತ್ರೆ ಕೊಡುವ ನಾವೂ ಇದರಲ್ಲಿ ಪಾಲುದಾರರು. ಬಾಯಿ ಕಹಿಯಾಗುತ್ತದೆ, ಹೊಟ್ಟೆ ತೊಳಸುತ್ತದೆ, ಆದರೂ ಬಿಡಬೇಡಿ, ಕಷ್ಟವಾದರೆ ನನಗೆ ಫೋನ್ ಮಾಡಿ ಅಂತ ಮೊದಲೇ ಎರಡು ನಿಮಿಷ ಹೇಳಿದ್ದರೆ ಅರ್ಧಕ್ಕರ್ಧ ಜನ ಬಿಡುವುದಿಲ್ಲ. ಕ್ಯೂ ಉದ್ದ ಇದ್ದ ದಿನ ಆ ಎರಡು ನಿಮಿಷ ನಾನೂ ಕೊಡದೇ ಇದ್ದದ್ದುಂಟು. ಅದಕ್ಕೆ ಈಗ ಬರೆದೇ ಕೊಡುತ್ತೇನೆ.

ಒಂದು ಕೆಲಸ ಮಾತ್ರ ಮಾಡಬೇಡಿ. ಉಳಿದಿರುವ ಎಂಟು ದಿನದ ಮಾತ್ರೆಯನ್ನು ಈಗ ತೆಗೆದು ನುಂಗಬೇಡಿ. ಅದೇ ಕಿಟ್ ಅನ್ನು ಅಂಗಡಿಯಿಂದ ಮತ್ತೆ ತರಲೂಬೇಡಿ.

ರಕ್ತ ಪರೀಕ್ಷೆಯನ್ನು ಮರೆತುಬಿಡಿ

ನೀವು ದುಡ್ಡು ಕೊಟ್ಟು ಮಾಡಿಸಿದ ರಕ್ತ ಪರೀಕ್ಷೆ ಈಗ ಏನೂ ಹೇಳುವುದಿಲ್ಲ. ಅದು ನೋಡುವುದು ಬ್ಯಾಕ್ಟೀರಿಯಾವನ್ನಲ್ಲ, ಅದರ ವಿರುದ್ಧ ನಮ್ಮ ಮೈ ತಯಾರಿಸಿದ ಆಂಟಿಬಾಡಿಯನ್ನು. ಠಾಣೆಯಲ್ಲಿ ಹಳೇ ಕೇಸಿನ ಫೈಲ್ ಇದೆ ಅಂದ ಮಾತ್ರಕ್ಕೆ ಕಳ್ಳ ಇನ್ನೂ ಊರಲ್ಲಿದ್ದಾನೆ ಅಂತ ಅಲ್ಲ. ಬ್ಯಾಕ್ಟೀರಿಯಾ ಪೂರ್ತಿ ಹೋದ ಮೇಲೂ ಇದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಪಾಸಿಟಿವ್ ಬರುತ್ತದೆ. ಚಿಕಿತ್ಸೆ ಆದ ಮೇಲೆ ಈ ಪರೀಕ್ಷೆ ನೋಡಿ ಹೆದರಿ ಮೂರು ಮೂರು ಸಲ ಆಂಟಿಬಯಾಟಿಕ್ ತಿಂದವರಿದ್ದಾರೆ. ಇದು ನನಗೆ ತುಂಬಾ ಬೇಸರ ತರುವ ವಿಷಯ.

ಈಗ ಬ್ಯಾಕ್ಟೀರಿಯಾ ಇದೆಯಾ ಇಲ್ಲವಾ ಅಂತ ಹೇಳುವ ಸುಲಭ ಪರೀಕ್ಷೆ ಎರಡು. ಒಂದು ಉಸಿರಿನ ಪರೀಕ್ಷೆ, ಯೂರಿಯಾ ಬ್ರೆತ್ ಟೆಸ್ಟ್. ಗುರುತು ಹಾಕಿದ ಯೂರಿಯಾ ಕುಡಿಸಿ, ಸ್ವಲ್ಪ ಹೊತ್ತಿನ ಮೇಲೆ ಒಂದು ಚೀಲಕ್ಕೆ ಊದಿಸುತ್ತಾರೆ. ಯೂರಿಯೇಸ್ ಇದ್ದರೆ ಆ ಗುರುತು ಉಸಿರಿನಲ್ಲಿ ಬರುತ್ತದೆ. ದೊಡ್ಡ ಊರುಗಳಲ್ಲಿ ಸಿಗುತ್ತದೆ. ಇನ್ನೊಂದು ಮಲದ ಪರೀಕ್ಷೆ, ಸ್ಟೂಲ್ ಆಂಟಿಜನ್. ಸ್ಯಾಂಪಲ್ ಕೊಟ್ಟರೆ ಸಾಕು, ಎರಡೂ ಸರಿಸುಮಾರು ಒಂದೇ ನಂಬಿಕೆಗೆ ಅರ್ಹ. ನಿಮಗೆ ಮತ್ತೆ ಎಂಡೋಸ್ಕೋಪಿ ಬೇಕಾಗಿಲ್ಲ.

ಇದರಲ್ಲೂ ಒಂದು ಎಚ್ಚರ ಬೇಕು. ಪ್ಯಾಂಟಾಪ್ರಜೋಲ್ ತರಹದ ಮಾತ್ರೆ ತಿನ್ನುತ್ತಿದ್ದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅಡಗಿಕೊಳ್ಳುತ್ತದೆ. ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಪರೀಕ್ಷೆಗೆ ಎರಡು ವಾರ ಮೊದಲು ಅದನ್ನು ನಿಲ್ಲಿಸಬೇಕು, ಯಾವುದೇ ಆಂಟಿಬಯಾಟಿಕ್ ನಿಲ್ಲಿಸಿ ನಾಲ್ಕು ವಾರ ಆಗಿರಬೇಕು. ಆ ಎರಡು ವಾರ ಕಷ್ಟ ಅಂತ ನನಗೆ ಗೊತ್ತು. ಬಹಳ ದಿನ ತಿಂದ ಆಸಿಡ್ ಮಾತ್ರೆಯನ್ನು ಬಿಟ್ಟ ಕೂಡಲೇ ಜಠರ ಮೊದಲಿಗಿಂತ ಜಾಸ್ತಿ ಆಸಿಡ್ ಸುರಿಸುತ್ತದೆ. ಅದು ಮಾತ್ರೆ ಬಿಟ್ಟಿದ್ದಕ್ಕೆ ಬರುವ ಉರಿ, ಬ್ಯಾಕ್ಟೀರಿಯಾ ವಾಪಸ್ ಬಂದಿದ್ದಕ್ಕೆ ಅಲ್ಲ. ಆಗ ಗುಲಾಬಿ ಅಥವಾ ಬಿಳಿ ಬಣ್ಣದ ಆಂಟಾಸಿಡ್ ಸಿರಪ್ ಕುಡಿದು ಸುಧಾರಿಸಿಕೊಳ್ಳಬಹುದು.

ಮುಂದಿನ ದಾರಿ

ಮೊದಲ ದಾರಿ, ಸದ್ಯಕ್ಕೆ ಏನೂ ಮಾಡದೆ ಉರಿಗೆ ಮಾತ್ರ ಮಾತ್ರೆ ತೆಗೆದುಕೊಳ್ಳುತ್ತಾ ಇರುವುದು. ತುರ್ತು ಏನೂ ಇಲ್ಲ, ಎರಡು ಮೂರು ತಿಂಗಳು ಕಾದರೆ ನಷ್ಟವಿಲ್ಲ. ಗರ್ಭಿಣಿಯಾಗಿದ್ದರೆ ಅಥವಾ ಆ ಯೋಚನೆ ಇದ್ದರೆ ನಾನೇ ಚಿಕಿತ್ಸೆಯನ್ನು ಮುಂದಕ್ಕೆ ಹಾಕುತ್ತೇನೆ. ಆದರೆ ವರ್ಷಾನುಗಟ್ಟಲೆ ಹಾಗೇ ಇರುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು, ನಾನು ನಿಮಗೆ ಹೇಳುವ ದಾರಿ. ಪರೀಕ್ಷೆಯಲ್ಲಿ ಸೋಂಕು ಉಳಿದಿದೆ ಅಂತ ಖಚಿತವಾದರೆ ಬಿಸ್ಮತ್ ಎಂಬ ಲೋಹದ ಲವಣ ಇರುವ ನಾಲ್ಕು ಔಷಧಿಗಳ ಚಿಕಿತ್ಸೆ, 14 ದಿನ. ಆಸಿಡ್ ಕಡಿಮೆ ಮಾಡುವ ಮಾತ್ರೆ ದಿನಕ್ಕೆರಡು ಸಲ, ಜೊತೆಗೆ ಬಿಸ್ಮತ್, ಆಮೇಲೆ ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ಎರಡು ಆಂಟಿಬಯಾಟಿಕ್. ಇದರಲ್ಲಿ ಕ್ಲಾರಿಥ್ರೋಮೈಸಿನ್ ಇಲ್ಲ. ಮೆಟ್ರೊನಿಡಜೋಲ್‌ಗೆ ಸ್ವಲ್ಪ ಒಗ್ಗಿಹೋದ ಬ್ಯಾಕ್ಟೀರಿಯಾ ಕೂಡ ಈ ಜೋಡಣೆಯಲ್ಲಿ, ಸರಿಯಾದ ಪ್ರಮಾಣದಲ್ಲಿ ಪೂರ್ತಿ ದಿನ ತೆಗೆದುಕೊಂಡರೆ ಹೆಚ್ಚಾಗಿ ಸಾಯುತ್ತದೆ. ಸರಿಯಾಗಿ ಮುಗಿಸಿದ ಹತ್ತು ಜನರಲ್ಲಿ ಎಂಟೊಂಬತ್ತು ಜನರಿಗೆ ಒಂದೇ ಸಲಕ್ಕೆ ಹೋಗುತ್ತದೆ.

ಕಷ್ಟವನ್ನೂ ಮುಚ್ಚಿಡುವುದಿಲ್ಲ. ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಮಾತ್ರೆ ಆಗಬಹುದು. ಬಾಯಿಯಲ್ಲಿ ತಾಮ್ರದ ಚೊಂಬು ನೆಕ್ಕಿದ ಹಾಗೆ ರುಚಿ ಬರುತ್ತದೆ. ಊಟದ ಜೊತೆ ತೆಗೆದುಕೊಂಡರೆ ವಾಕರಿಕೆ ಕಡಿಮೆ. ಆಸಿಡ್ ಮಾತ್ರೆ ಮಾತ್ರ ಊಟಕ್ಕೆ ಅರ್ಧ ಗಂಟೆ ಮೊದಲು. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ನಾಲಿಗೆಯೂ ಕಪ್ಪಾಗಬಹುದು. ಅದಕ್ಕೆ ಹೆದರಬೇಡಿ, ನಿಲ್ಲಿಸಿದ ಮೇಲೆ ಹೋಗುತ್ತದೆ. ಟೆಟ್ರಾಸೈಕ್ಲಿನ್ ಅನ್ನು ತುಂಬಿದ ಲೋಟ ನೀರಿನ ಜೊತೆ, ಕೂತು ಅಥವಾ ನಿಂತು ನುಂಗಿ. ನುಂಗಿ ತಕ್ಷಣ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಅಲ್ಲೇ ಹುಣ್ಣು ಮಾಡಬಹುದು. ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಅದರ ಕೆಲಸವನ್ನು ಕೆಡಿಸುತ್ತವೆ. ನಡುವೆ ಎರಡು ಗಂಟೆ ಬಿಡುವು ಇರಲಿ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ, ಶಾಲೆಗೆ ಹೋಗುವಾಗ ಕೊಡೆ ಹಿಡಿಯಿರಿ. ಮೆಟ್ರೊನಿಡಜೋಲ್ ಜೊತೆ ಮದ್ಯ ಕೂಡದು. ಕೆಮ್ಮಿನ ಸಿರಪ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ, ನೋಡಿಕೊಳ್ಳಿ. ಮೈಮೇಲೆ ದದ್ದು, ಉಸಿರಾಟಕ್ಕೆ ತೊಂದರೆ, ಕೈಕಾಲು ಜೋಮು, ತೀವ್ರ ಭೇದಿ ಆದರೆ ಮಾತ್ರ ನಿಲ್ಲಿಸಿ ಕೂಡಲೇ ವೈದ್ಯರಿಗೆ ತಿಳಿಸಿ. ಬರೀ ಕಹಿ, ಬರೀ ವಾಕರಿಕೆ ಆದರೆ ಫೋನ್ ಮಾಡಿ, ಆದರೆ ನಿಲ್ಲಿಸಬೇಡಿ. ವಾಕರಿಕೆಗೆ ಮಾತ್ರೆ ಇದೆ.

ಟೆಟ್ರಾಸೈಕ್ಲಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. 14 ದಿನದ್ದೂ ಒಟ್ಟಿಗೆ ಕೈಗೆ ಬಂದ ಮೇಲೆಯೇ ಶುರು ಮಾಡಿ. ಅದರ ಬದಲಿಗೆ ಡಾಕ್ಸಿಸೈಕ್ಲಿನ್ ಕೊಡುವವರಿದ್ದಾರೆ, ಅದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಟೆಟ್ರಾಸೈಕ್ಲಿನ್ ಸಿಗಲೇ ಇಲ್ಲ ಅಂದರೆ ಜಾಸ್ತಿ ಪ್ರಮಾಣದ ಅಮಾಕ್ಸಿಸಿಲಿನ್ ಮತ್ತು ಬಲವಾದ ಆಸಿಡ್ ಮಾತ್ರೆ, ಈ ಎರಡನ್ನೇ ಕೊಡುವ ಕ್ರಮವೂ ಇದೆ. ಮಾತ್ರೆ ಕಡಿಮೆ, ತೊಂದರೆ ಕಡಿಮೆ, ಆದರೆ ದಿನಕ್ಕೆ ಮೂರು ನಾಲ್ಕು ಸಲ ಹೊತ್ತು ತಪ್ಪದೆ ತೆಗೆದುಕೊಳ್ಳಬೇಕು. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಇದು ಆಗದು. ಲೆವೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಸೇರಿಸುವ ಕ್ರಮವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಮ್ಮಲ್ಲಿ ಅದಕ್ಕೂ ಬ್ಯಾಕ್ಟೀರಿಯಾ ಒಗ್ಗಿಹೋಗಿದೆ.

ನೀವು ಕೊನೆಯಲ್ಲಿ ಬರೆದ ಸಾಲು

ತಲೆನೋವಿಗೆ ಆಗಾಗ ಮಾತ್ರೆ ಅಂತ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನನ್ನ ಕಣ್ಣು ಅಲ್ಲೇ ನಿಂತಿತು. ಯಾವ ಮಾತ್ರೆ? ಪ್ಯಾರಸಿಟಮಾಲ್ ಮಾತ್ರ ಆದರೆ ಜಠರಕ್ಕೆ ಅಷ್ಟು ತೊಂದರೆ ಇಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಆಸ್ಪಿರಿನ್ ಆದರೆ ಕಥೆ ಬೇರೆ. ಜಠರದ ಗೋಡೆಯನ್ನು ಕಾಯುವ ಲೋಳೆಯನ್ನು ಅವು ತೆಳ್ಳಗೆ ಮಾಡುತ್ತವೆ. ಹುಣ್ಣಿಗೆ ಎಚ್. ಪೈಲೋರಿ ಒಂದು ದೊಡ್ಡ ಕಾರಣ, ನೋವಿನ ಮಾತ್ರೆ ಇನ್ನೊಂದು. ಎರಡೂ ಒಟ್ಟಿಗೆ ಸೇರಿದರೆ ಅಪಾಯ ಬಹಳ ಏರುತ್ತದೆ. ನಿಮ್ಮ ವರದಿಯ ಆ ಸಣ್ಣ ಸವೆತಗಳಿಗೆ ಬ್ಯಾಕ್ಟೀರಿಯಾಕ್ಕಿಂತ ಈ ಮಾತ್ರೆಯೇ ಕಾರಣ ಇದ್ದರೂ ಇರಬಹುದು. ಮಾತ್ರೆಯ ಸ್ಟ್ರಿಪ್ ಹಿಂದೆ ಇರುವ ಹೆಸರು ಓದಿ. ಪ್ಯಾರಸಿಟಮಾಲ್ ಜೊತೆ ಡೈಕ್ಲೊಫೆನಾಕ್ ಸೇರಿಸಿ ಒಂದೇ ಮಾತ್ರೆಯಾಗಿ ಮಾರುವುದೂ ಉಂಟು. ತಿಂಗಳಿಗೆ ನಾಲ್ಕೈದು ಸಲಕ್ಕಿಂತ ಜಾಸ್ತಿ ತಲೆನೋವು ಬರುತ್ತಿದ್ದರೆ ಅದು ಮೈಗ್ರೇನ್ ಇರಬಹುದು. ಅದಕ್ಕೇ ಬೇರೆ ಚಿಕಿತ್ಸೆ ಇದೆ.

ರಾತ್ರಿಯ ಹುಳಿ ತೇಗಿನ ಬಗ್ಗೆಯೂ ನಿಜ ಹೇಳಿಬಿಡುತ್ತೇನೆ. ಅದು ಜಠರದ ಆಸಿಡ್ ಮೇಲಕ್ಕೆ ಬರುವ ತೊಂದರೆ, ಎಚ್. ಪೈಲೋರಿ ತೆಗೆದರೆ ಅದು ಹೋಗುವುದಿಲ್ಲ. ರಾತ್ರಿ ಊಟವನ್ನು ಮಲಗುವ ಮೂರು ಗಂಟೆ ಮೊದಲು ಮುಗಿಸಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿ. ಹುಣ್ಣಿಲ್ಲದವರಲ್ಲಿ ಹೊಟ್ಟೆಯ ಉರಿ ಕೂಡ ಬ್ಯಾಕ್ಟೀರಿಯಾ ಹೋದ ಮೇಲೆ ಎಲ್ಲರಿಗೂ ಹೋಗುವುದಿಲ್ಲ. ಹತ್ತು ಹದಿನೈದು ಜನರಲ್ಲಿ ಒಬ್ಬರಿಗೆ ಮಾತ್ರ ಅದರಿಂದಲೇ ಗುಣ ಕಾಣುತ್ತದೆ. ಹುಣ್ಣಿದ್ದವರ ಲೆಕ್ಕ ಬೇರೆ, ಅವರಿಗೆ ಲಾಭ ಬಹಳ ದೊಡ್ಡದು. ನೀವು ಚಿಕಿತ್ಸೆ ತೆಗೆದುಕೊಳ್ಳಬೇಕಾದದ್ದು ಮುಖ್ಯವಾಗಿ ಮುಂದಿನ ಹುಣ್ಣು, ಕ್ಯಾನ್ಸರ್ ತಡೆಯಲು. ಉರಿ ಹೋದರೆ ಅದು ಜೊತೆಗೆ ಬಂದ ಲಾಭ.

ಮಗಳು, ಯಜಮಾನರು, ಒಂದೇ ತಟ್ಟೆ

ಈ ಸೋಂಕು ಬರುವುದು ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲೇ, ಮನೆಯವರಿಂದಲೇ. ಎಂಜಲು, ವಾಂತಿ, ಕೊಳೆ ಕೈ, ಕೊಳೆ ನೀರು ಅದರ ದಾರಿಗಳು. ನಿಮಗೂ ಬಹುಶಃ ಬಾಲ್ಯದಲ್ಲೇ ಬಂದಿರಬೇಕು. ಆದ್ದರಿಂದ ಮಗಳಿಗೆ ಉಣಿಸಿದ ಪ್ರತಿ ತುತ್ತನ್ನೂ ನೆನೆದು ಸಂಕಟಪಡಬೇಡಿ. ಅವಳಿಗೆ ಬಂದಿರಬಹುದು, ಬಂದಿಲ್ಲದೆಯೂ ಇರಬಹುದು. ಚೆನ್ನಾಗಿ ತಿಂದು ಆಡಿಕೊಂಡಿದ್ದರೆ ಅವಳಿಗೆ ಪರೀಕ್ಷೆ ಬೇಡ. ಮಕ್ಕಳಲ್ಲಿ ಹುಣ್ಣು, ಕ್ಯಾನ್ಸರ್ ಬಹಳ ಅಪರೂಪ, ಔಷಧಿಯ ಆಯ್ಕೆ ಕಡಿಮೆ, 8 ವರ್ಷದ ಒಳಗಿನವರಿಗೆ ಟೆಟ್ರಾಸೈಕ್ಲಿನ್ ಕೊಡಲಾಗದು. ಹುಣ್ಣು ಕಂಡರೆ, ಅಥವಾ ಕಬ್ಬಿಣದ ಔಷಧಿ ಕೊಟ್ಟರೂ ರಕ್ತಹೀನತೆ ಸರಿಹೋಗದಿದ್ದರೆ ಮಾತ್ರ ಮಕ್ಕಳ ವೈದ್ಯರು ಆ ಬಗ್ಗೆ ಯೋಚಿಸುತ್ತಾರೆ. ಅಗಿದ ತುತ್ತನ್ನು ಮಗುವಿನ ಬಾಯಿಗೆ ಇಡುವ ಅಭ್ಯಾಸ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದನ್ನು ಬಿಡಿಸಿ. ತಟ್ಟೆ ಬೇರೆ ಮಾಡಿ, ಪ್ರೀತಿಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಊಟದ ಮೊದಲು, ಶೌಚದ ನಂತರ ಸೋಪಿನಲ್ಲಿ ಕೈತೊಳೆಯುವುದು, ಕುದಿಸಿ ಆರಿಸಿದ ನೀರು, ಇಷ್ಟು ಸಾಕು.

ಮನೆಯ ದೊಡ್ಡವರೆಲ್ಲರಿಗೂ ಒಟ್ಟಿಗೆ ಪರೀಕ್ಷೆ, ಒಟ್ಟಿಗೆ ಚಿಕಿತ್ಸೆ ಎನ್ನುವ ಕ್ರಮವನ್ನು ಚೀನಾದ ತಜ್ಞರು ಹೇಳುತ್ತಾರೆ. ಅಲ್ಲಿ ಈ ಕ್ಯಾನ್ಸರ್ ಜಾಸ್ತಿ. ನಾನು ನಿಮ್ಮ ಯಜಮಾನರಿಗೆ ಹೊಟ್ಟೆಯ ತೊಂದರೆ ಇದ್ದರೆ, ಅಥವಾ ದಿನಾ ಆಸ್ಪಿರಿನ್ ತೆಗೆದುಕೊಳ್ಳಬೇಕಾಗಿದ್ದರೆ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ಏನೂ ಇಲ್ಲದಿದ್ದರೆ ಕಡ್ಡಾಯ ಅಲ್ಲ. ದೊಡ್ಡವರಿಗೆ ಒಮ್ಮೆ ಪೂರ್ತಿ ಹೋದ ಸೋಂಕು ಮತ್ತೆ ಹೊಸದಾಗಿ ಅಂಟುವುದು ಕಡಿಮೆ. ಮೊದಲ ವರ್ಷದಲ್ಲೇ ಮರಳಿ ಬಂತು ಅನ್ನುವವರಲ್ಲಿ ಹೆಚ್ಚಿನವರಿಗೆ ಅದು ಹೋಗಿಯೇ ಇರುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳದೆ ಬಿಡುವುದಿಲ್ಲ. ನಮ್ಮಲ್ಲಿ ಎದೆಯಿಂದ ಹೊಕ್ಕಳವರೆಗಿನ ಎಲ್ಲ ನೋವಿಗೂ ಗ್ಯಾಸ್ಟ್ರಿಕ್ ಅನ್ನುತ್ತಾರೆ. ಎದೆ ಹಿಂಡಿದ ಹಾಗಾಗಿ ಬೆವರು, ದವಡೆ ಅಥವಾ ಎಡಗೈಗೆ ನೋವು, ನಡೆದರೆ ಜಾಸ್ತಿ ಆಗುವ ಉರಿ, ಇವು ಬಂದರೆ ಜೀರಿಗೆ ನೀರು ಕುಡಿಯುತ್ತಾ ಕೂರಬೇಡಿ, ಇಸಿಜಿ ಮಾಡಿಸಿ. ರಕ್ತ ವಾಂತಿ, ಡಾಂಬರಿನ ಹಾಗೆ ಅಂಟಂಟಾದ ಗಬ್ಬುನಾತದ ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನುಂಗಲು ಕಷ್ಟ, ಪದೇ ಪದೇ ವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಡಿಮೆಯಾಗುವುದು ಕಂಡರೆ ಮತ್ತೆ ಎಂಡೋಸ್ಕೋಪಿ ಬೇಕು.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಪ್ಯಾಂಟಾಪ್ರಜೋಲ್ ನಿಲ್ಲಿಸಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ವಾರ ಬಿಟ್ಟು ಮಲದ ಅಥವಾ ಉಸಿರಿನ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದರೆ ಆರು ದಿನದ ಮಾತ್ರೆಯೇ ಕೆಲಸ ಮಾಡಿದೆ, ಅದೃಷ್ಟವಂತರಲ್ಲಿ ನೀವೂ ಒಬ್ಬರು. ಪಾಸಿಟಿವ್ ಬಂದರೆ ಹಳೇ ಕಿಟ್‌ನ ಸ್ಟ್ರಿಪ್ ಅನ್ನೂ ತಲೆನೋವಿನ ಮಾತ್ರೆಯ ಸ್ಟ್ರಿಪ್ ಅನ್ನೂ ಕೈಯಲ್ಲಿ ಹಿಡಿದುಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ, ಎಷ್ಟು ದಿನ ತಿಂದಿರಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಶಾಲೆಯ ಪರೀಕ್ಷೆ, ಮಾರ್ಕ್ಸ್ ಕಾರ್ಡಿನ ಗಡಿಬಿಡಿ ಇಲ್ಲದ ಎರಡು ವಾರ ನೋಡಿ ಮಾತ್ರೆ ಶುರು ಮಾಡಿ. ಕೊನೆಯ ಮಾತ್ರೆ ನುಂಗಿದ ದಿನದಿಂದ ನಾಲ್ಕು ವಾರ ಎಣಿಸಿ, ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿಸಿ. ಆ ವರದಿ ಬಂದಾಗ ಎರಡು ಸಾಲು ಬರೆದು ತಿಳಿಸಿ.